ಮಂಡಿ ಅಂಗಡಿಯ ಹಳೇ ಫಾಕ್ಸ್‌ಪ್ರೊ ಲೆಕ್ಕ, ಹೊಸ ಕಂಪ್ಯೂಟರು: ಡಾಸ್‌ಬಾಕ್ಸ್-ಎಕ್ಸ್ ವಿಮರ್ಶೆ

ನೀಲಿ ಪರದೆ, ಬಿಳಿ ಅಕ್ಷರ. ಒಂದು ಕೀ ಒತ್ತಿದರೆ ಲಾಟ್ ನಮೂದು, ಇನ್ನೊಂದು ಒತ್ತಿದರೆ ರೈತನ ಕೈಗೆ ಕೊಡುವ ಲೆಕ್ಕದ ಪಟ್ಟಿ ಪ್ರಿಂಟು. ತೊಂಬತ್ತರ ದಶಕದಲ್ಲಿ ಫಾಕ್ಸ್‌ಪ್ರೊ 2.6, ಕ್ಲಿಪ್ಪರ್ ಎಂಬ ಡೇಟಾಬೇಸ್ ಭಾಷೆಗಳಲ್ಲಿ ಬರೆಸಿದ ದಲ್ಲಾಳಿ ಲೆಕ್ಕದ ಪ್ರೋಗ್ರಾಂ ಅಂದರೆ ಹೀಗೇ ಇರುತ್ತದೆ. ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಮಂಡಿಯಿರಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಿರಲಿ, ಭೀಮಸಮುದ್ರದ ಅಡಿಕೆ ಅಂಗಡಿಯಿರಲಿ, ಇಂಥ ಪ್ರೋಗ್ರಾಮನ್ನು ಇನ್ನೂ ನೆಚ್ಚಿಕೊಂಡಿರುವವರಿಗಾಗಿ ಈ ವಿಮರ್ಶೆ. ಪ್ರೋಗ್ರಾಂ ತಾನಾಗಿ ಕೆಡುವುದು ಅಪರೂಪ. ಕೆಡುವುದು ಅದು ಕೂತಿರುವ ಕಂಪ್ಯೂಟರು. ಹೊಸದನ್ನು ತಂದು ಫೋಲ್ಡರ್ ನಕಲು ಮಾಡಿ ಐಕಾನ್ ಒತ್ತಿದರೆ, ಈ ಪ್ರೋಗ್ರಾಂ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ ಎಂಬ ಸಂದೇಶ ಬರುತ್ತದೆ, ಅಷ್ಟೇ.

ಕಾರಣ ಇಷ್ಟು. ಡಾಸ್ (ವಿಂಡೋಸ್‌ಗೂ ಹಿಂದಿನ ಕಾರ್ಯವ್ಯವಸ್ಥೆ) ಕಾಲದ ಪ್ರೋಗ್ರಾಂ 16-ಬಿಟ್‌ನದು. ಅದನ್ನು ಓಡಿಸಲು ವಿಂಡೋಸ್ ಒಳಗಿದ್ದ ಎನ್‌ಟಿವಿಡಿಎಂ ಎಂಬ ಭಾಗ 64-ಬಿಟ್ ವಿಂಡೋಸ್‌ನಲ್ಲಿ ಇಲ್ಲ. ವಿಂಡೋಸ್ 11 ಬರುವುದೇ 64-ಬಿಟ್‌ನಲ್ಲಿ. 32-ಬಿಟ್ ವಿಂಡೋಸ್ 10 ಹಾಕಿಸಿ ದಿನ ದೂಡುತ್ತಿದ್ದವರಿಗೆ 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲವೂ ಮುಗಿಯಿತು. ವಿಂಡೋಸ್ ಎಕ್ಸ್‌ಪಿಯದಂತೂ 2014ರ ಏಪ್ರಿಲ್ 8ಕ್ಕೇ ಮುಗಿದ ಕತೆ. ಎಕ್ಸ್‌ಪಿ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸಿಟ್ಟು ಅದರಲ್ಲೇ ಖಾತೆ ಬರೆಯುತ್ತಿದ್ದರೆ ಇವತ್ತೇ ಕೇಬಲ್ ಕಿತ್ತುಬಿಡಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆದೀತು.

ಡಾಸ್‌ಬಾಕ್ಸ್-ಎಕ್ಸ್ ಹೊಸ ವಿಂಡೋಸ್ ಒಳಗೆ ಒಂದು ಹಳೇ ಡಾಸ್ ಕಂಪ್ಯೂಟರನ್ನೇ ಕಟ್ಟಿಕೊಡುವ ಉಚಿತ, ಮುಕ್ತ ತಂತ್ರಾಂಶ. ಮೂಲ ಡಾಸ್‌ಬಾಕ್ಸ್ ಆಟಗಳಿಗಾಗಿ ಹುಟ್ಟಿದ್ದು. ಫೈಲ್ ಲಾಕಿಂಗ್, ಪ್ರಿಂಟರ್, ಉದ್ದ ಹೆಸರಿನ ಫೈಲುಗಳ ವಿಷಯದಲ್ಲಿ ಅದರ ಗಮನ ಕಡಿಮೆ. ಅದರಿಂದ ಕವಲೊಡೆದ ಈ ಎಕ್ಸ್ ಆವೃತ್ತಿ ವ್ಯವಹಾರದ ಪ್ರೋಗ್ರಾಮುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಒಬ್ಬರೇ ಕೂತು ನಡೆಸುವ ಅಂಗಡಿಗೆ ಇದು ತುಂಬಾ ಒಳ್ಳೆಯದು, ಮೂರ್ನಾಲ್ಕು ಕಂಪ್ಯೂಟರಿನ ಅಂಗಡಿಗೆ ಎಚ್ಚರದಿಂದ ಬಳಸಿದರೆ ಸರಿ. ಎರಡು ಸುಗ್ಗಿಯ ಮಟ್ಟಿಗೆ ಇದನ್ನು ನಂಬಬಹುದು. ಆ ಎರಡು ಸುಗ್ಗಿಯೊಳಗೆ ಡೇಟಾವನ್ನೂ ಲೆಕ್ಕದ ನಿಯಮಗಳನ್ನೂ ಹಳೇ ಪ್ರೋಗ್ರಾಮಿನಿಂದ ಹೊರತೆಗೆಯಲೇಬೇಕು. ‘ಓಡ್ತಾ ಇದೆಯಲ್ಲ, ಬಿಡ್ರಿ’ ಎಂದು ಕೂತರೆ ಮುಂದೆ ಇದಕ್ಕಿಂತ ದೊಡ್ಡ ಪೆಟ್ಟು ಕಾದಿರುತ್ತದೆ.

ಹಾಕುವ ಮುಂಚೆ ಹಳೇ ಯಂತ್ರದಿಂದ ಇಡೀ ಫೋಲ್ಡರ್ ನಕಲು ತೆಗೆಯಿರಿ. ದಾಖಲೆಗಳ ಟೇಬಲ್ ಇರುವ ಡಿಬಿಎಫ್ ಫೈಲುಗಳನ್ನಷ್ಟೇ ತಂದರೆ ಸಾಲದು. ಎಫ್‌ಪಿಟಿ ಫೈಲು ಬಿಟ್ಟುಬಂದರೆ ಮೆಮೊ (ಉದ್ದ ಟಿಪ್ಪಣಿ) ಕಾಲಂ ಇರುವ ಟೇಬಲ್ ತೆರೆಯುವುದೇ ಇಲ್ಲ. ಎಂಇಎಂ ಫೈಲಿನಲ್ಲಿ ಸಾಮಾನ್ಯವಾಗಿ ಅಂಗಡಿಯ ಹೆಸರು, ಲೆಕ್ಕದ ವರ್ಷ, ಕೊನೆಯ ಪಟ್ಟಿಯ ನಂಬರು ಕೂತಿರುತ್ತವೆ. ಅದು ಬಾರದಿದ್ದರೆ ಪಟ್ಟಿ ಮತ್ತೆ 1ರಿಂದ ಶುರುವಾಗುತ್ತದೆ, ಒಂದೇ ನಂಬರಿನ ಎರಡು ಪಟ್ಟಿ ಹೊರಗೆ ಹೋಗುತ್ತವೆ. ಎಫ್‌ಆರ್‌ಎಕ್ಸ್ ಮತ್ತು ಎಫ್‌ಆರ್‌ಟಿ ರಿಪೋರ್ಟಿನ ಜೋಡಿ ಫೈಲುಗಳು, ಎರಡೂ ಬೇಕು. ಕಾನ್ಫಿಗ್ ಡಾಟ್ ಎಫ್‌ಪಿ ಫೈಲನ್ನೂ ಹಳೇ ಆಟೊಎಕ್ಸೆಕ್ ಫೈಲಿನಲ್ಲಿರುವ ‘ಸೆಟ್’ ಸಾಲುಗಳನ್ನೂ ಎತ್ತಿಟ್ಟುಕೊಳ್ಳಿ. ಕ್ಲಿಪ್ಪರ್ ಪ್ರೋಗ್ರಾಮಾದರೆ ಎಷ್ಟು ಫೈಲು ಒಟ್ಟಿಗೆ ತೆರೆಯಬಹುದೆಂದು ಹೇಳುವ ಸಾಲು ಅಲ್ಲೇ ಇರುತ್ತದೆ.

ಇನ್ನು ಸೆಟ್ಟಿಂಗ್. ಡಾಸ್‌ಬಾಕ್ಸ್-ಎಕ್ಸ್‌ನ ಕಾನ್ಫಿಗ್ ಫೈಲು ಬಹಳ ಉದ್ದ. ಅದರಲ್ಲಿ ಮಂಡಿಯವರಿಗೆ ಬೇಕಾದದ್ದು ಬೆರಳೆಣಿಕೆಯಷ್ಟೇ, ಆದರೆ ಯಾವುದು ಬೇಕು ಯಾವುದು ಬೇಡ ಎಂದು ಅದು ತಾನಾಗಿ ಹೇಳುವುದಿಲ್ಲ. ಈ ತಂತ್ರಾಂಶದ ಮೇಲೆ ನಮ್ಮ ಮೊದಲ ದೂರು ಇದೇ.

ಮೊದಲು ವೇಗ. ‘ಸೈಕಲ್ಸ್’ ಎಂಬ ಸಾಲು ‘ಮ್ಯಾಕ್ಸ್’ ಎಂದಿದ್ದರೆ ಎರಡು ತೊಂದರೆ. ಫಾಕ್ಸ್‌ಪ್ರೊ 2.6 ಶುರುವಾಗುವಾಗ ಯಂತ್ರದ ವೇಗ ಅಳೆಯಲು ಒಂದು ಸುತ್ತು ಎಣಿಸುತ್ತದೆ. ಯಂತ್ರ ತೀರಾ ವೇಗವಾಗಿದ್ದರೆ ಆ ಸಮಯ ಸೊನ್ನೆ ಎಂದು ಬಂದು, ಸೊನ್ನೆಯಿಂದ ಭಾಗಿಸಲು ಹೋಗಿ ‘ಡಿವೈಡ್ ಬೈ ಝೀರೊ’ ಎಂದು ನಿಂತುಬಿಡುತ್ತದೆ. ಪೆಂಟಿಯಂ-2 ಬಂದ ಕಾಲದಿಂದಲೂ ಇರುವ ಕಾಯಿಲೆ ಇದು. ಎರಡನೆಯದು, ಡಾಸ್ ಪ್ರೋಗ್ರಾಂ ಕೀಲಿ ಒತ್ತುವುದನ್ನು ಕಾಯುತ್ತಾ ಸುಮ್ಮನೆ ಸುತ್ತುತ್ತಿರುತ್ತದೆ. ಗುಮಾಸ್ತರು ಚಹಾಕ್ಕೆ ಎದ್ದು ಹೋದರೂ ಪ್ರೊಸೆಸರ್‌ನ ಒಂದು ಕೋರ್ ಪೂರ್ತಿ ದುಡಿಯುತ್ತಿರುತ್ತದೆ, ಫ್ಯಾನ್ ಕೂಗುತ್ತಿರುತ್ತದೆ. ‘ಫಿಕ್ಸೆಡ್ 20000’ ಎಂದು ಕೊಟ್ಟರೆ ಸಾಮಾನ್ಯ ನಮೂದಿಗೆ ಸಾಕು. ವರ್ಷಾಂತ್ಯದ ರೀಇಂಡೆಕ್ಸ್ (ಹುಡುಕುವ ಸೂಚಿಯನ್ನು ಮತ್ತೆ ಕಟ್ಟುವುದು) ನಿಧಾನ ಅನಿಸಿದ ದಿನ ಮಾತ್ರ ಏರಿಸಿಕೊಳ್ಳಿ.

ಪರದೆಗೆ ‘ಔಟ್‌ಪುಟ್’ ಸಾಲಿನಲ್ಲಿ ‘ಟಿಟಿಎಫ್’ ಎಂದು ಕೊಡಿ. ಮಸುಕಾಗಿ ಹಿಗ್ಗಿದ ಹಳೇ ಅಕ್ಷರಗಳ ಬದಲು ಚೂಪಾದ ಅಕ್ಷರ ಬರುತ್ತದೆ. ಈ ತಂತ್ರಾಂಶದಲ್ಲಿ ನಮಗೆ ತೀರಾ ಹಿಡಿಸಿದ ಗುಣ ಇದು: ಇಡೀ ದಿನ ಅಂಕಿ ಹೊಡೆಯುವವರ ಕಣ್ಣಿಗೆ ಹಳೇ ಮಾನಿಟರಿಗಿಂತ ಹಿತ. ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಪ್ರೋಗ್ರಾಂ ಗೊಣಗಿದರೆ, ಡ್ರೈವ್ ಜೋಡಿಸುವ ‘ಮೌಂಟ್’ ಆಜ್ಞೆಗೆ ‘ಫ್ರೀಸೈಜ್’ ಸೇರಿಸಿ ದೊಡ್ಡ ಅಂಕಿ ಕೊಡಿ.

‘ಕ್ವಿಟ್ ವಾರ್ನಿಂಗ್’ ಆನ್ ಇರಲಿ. ಕಿಟಕಿಯ ಮೂಲೆಯ ಕೆಂಪು ಗುರುತು ಒತ್ತಿ ಮುಚ್ಚುವುದು ಹೊಸ ಹುಡುಗರಿಗೆ ಕೈರೂಢಿ. ಟೇಬಲ್ ತೆರೆದಿರುವಾಗ ಹಾಗೆ ಮುಚ್ಚಿದರೆ ಡಾಸ್ ಕಂಪ್ಯೂಟರಿನ ವಯರ್ ಕಿತ್ತಂತೆಯೇ. ಮೂಲ ಡಾಸ್‌ಬಾಕ್ಸ್‌ನಲ್ಲಂತೂ ಕಂಟ್ರೋಲ್ ಜೊತೆ ಎಫ್9 ಒತ್ತಿದರೆ ಕೇಳದೇ ಮುಚ್ಚಿಬಿಡುತ್ತದೆ. ಲೆಕ್ಕದ ಅಂಗಡಿಗೆ ಅದನ್ನು ಹಾಕಲೇಬೇಡಿ ಎನ್ನುವುದಕ್ಕೆ ಅದೊಂದೇ ಕಾರಣ ಸಾಕು.

ಹಾಗೆ ಅರ್ಧಕ್ಕೆ ನಿಂತಾಗ ಏನಾಗುತ್ತದೆ? ಡಿಬಿಎಫ್ ಫೈಲಿನ ಮೊದಲ 32 ಬೈಟು ಅದರ ಜಾತಕ. ಸೊನ್ನೆಯಿಂದ ಎಣಿಸಿದರೆ 4ರಿಂದ 7ನೇ ಬೈಟಿನಲ್ಲಿ ಎಷ್ಟು ದಾಖಲೆಗಳಿವೆ ಎಂಬ ಲೆಕ್ಕ, 8 ಮತ್ತು 9ರಲ್ಲಿ ತಲೆಭಾಗದ ಉದ್ದ, 10 ಮತ್ತು 11ರಲ್ಲಿ ಒಂದು ದಾಖಲೆಯ ಉದ್ದ. ಆಮೇಲೆ ಒಂದೊಂದು ಕಾಲಂಗೂ 32 ಬೈಟು, ಕೊನೆಗೆ ಒಂದು ಬೈಟು. ದಾಖಲೆ ಡಿಸ್ಕಿಗೆ ಹೋಗಿ, ತಲೆಭಾಗದ ಎಣಿಕೆ ತಿದ್ದುವಷ್ಟರಲ್ಲಿ ಕರೆಂಟ್ ಹೋದರೆ ಎರಡೂ ತಾಳೆಯಾಗುವುದಿಲ್ಲ. ಆಗ ಬೆಳಿಗ್ಗೆ ಕೊನೆಯ ಎರಡು ಲಾಟು ಕಾಣುವುದಿಲ್ಲ, ಇಲ್ಲವೇ ‘ನಾಟ್ ಎ ಡೇಟಾಬೇಸ್ ಫೈಲ್’ ಎಂಬ ಮಾತು ಬರುತ್ತದೆ. ದಾಖಲೆ ಎಲ್ಲಿಗೂ ಹೋಗಿರುವುದಿಲ್ಲ. 18 ಕಾಲಮಿನ ಒಂದು ಲಾಟ್ ಟೇಬಲ್ ತೆಗೆದುಕೊಳ್ಳಿ. ತಲೆಭಾಗ 32 ಕೂಡಿಸು 576 ಕೂಡಿಸು 1, ಅಂದರೆ 609 ಬೈಟು. ದಾಖಲೆಯ ಉದ್ದ 146, ಫೈಲಿನ ಗಾತ್ರ 30,66,610. ಗಾತ್ರದಲ್ಲಿ 609 ಕಳೆದು, ಕೊನೆಯ ಮುಕ್ತಾಯದ ಬೈಟು ಒಂದನ್ನು ಕಳೆದು, 146ರಿಂದ ಭಾಗಿಸಿದರೆ ಸರಿಯಾಗಿ 21,000. ಆದರೆ ತಲೆಭಾಗದಲ್ಲಿ ಹೆಕ್ಸ್ (16ರ ಮೂಲದ) ಅಂಕಿಯಲ್ಲಿ, ಕಿರಿಯ ಬೈಟು ಮೊದಲಾಗಿ, ‘06 52 00 00’ ಇದ್ದರೆ ಅದು ಹೇಳುತ್ತಿರುವುದು 20,998. ಹೆಕ್ಸ್ ಎಡಿಟರ್‌ನಲ್ಲಿ, ಖಂಡಿತವಾಗಿ ನಕಲಿನ ಮೇಲೆ, 06ನ್ನು 08 ಮಾಡಿದರೆ ಎರಡೂ ಲಾಟು ವಾಪಸ್ಸು. ಭಾಗಾಕಾರದಲ್ಲಿ ಶೇಷ ಉಳಿದರೆ ಮಾತ್ರ ಕೊನೆಯ ದಾಖಲೆ ಅರ್ಧ ಬರೆದು ನಿಂತಿದೆ ಎಂದರ್ಥ, ಅದನ್ನು ಚೀಟಿ ನೋಡಿ ಮತ್ತೆ ಹೊಡೆಯಬೇಕು. ವಿಷುಯಲ್ ಫಾಕ್ಸ್‌ಪ್ರೊ ಟೇಬಲಾದರೆ ತಲೆಭಾಗಕ್ಕೆ ಇನ್ನೂ 263 ಬೈಟು ಸೇರಿರುತ್ತದೆ, ಆದ್ದರಿಂದ ಉದ್ದವನ್ನು 8 ಮತ್ತು 9ನೇ ಬೈಟಿನಿಂದಲೇ ಓದಿಕೊಳ್ಳಿ.

ಇಂಡೆಕ್ಸ್ ಕೆಟ್ಟರೆ ಇಷ್ಟು ಕಷ್ಟವಿಲ್ಲ. ಇಂಡೆಕ್ಸ್ ಫೈಲಾದ ಸಿಡಿಎಕ್ಸ್ ಕೆಟ್ಟಾಗ ‘ರೀಇಂಡೆಕ್ಸ್’ ಆಜ್ಞೆಗೆ ಪೂರ್ತಿ ಜೋತುಬೀಳಬೇಡಿ. ಅದು ಕೆಟ್ಟ ಫೈಲಿನ ತಲೆಭಾಗವನ್ನೇ ನಂಬಿ ಮತ್ತೆ ಕಟ್ಟುತ್ತದೆ. ಯಾವ ಕಾಲಂ ಮೇಲೆ ಯಾವ ಇಂಡೆಕ್ಸ್ ಇತ್ತೆಂದು ಮೊದಲೇ ಬರೆದಿಟ್ಟುಕೊಂಡು, ಹಳೇ ಸಿಡಿಎಕ್ಸ್ ಅಳಿಸಿ, ‘ಇಂಡೆಕ್ಸ್ ಆನ್’ ಕೊಟ್ಟು ಹೊಸದಾಗಿ ಕಟ್ಟುವುದೇ ಸರಿ. ಯುಪಿಎಸ್ ಇಲ್ಲದೆ ಡಿಬಿಎಫ್ ಲೆಕ್ಕ ನಡೆಸುವುದಂತೂ ಮಳೆಗಾಲದಲ್ಲಿ ಬಯಲಲ್ಲಿ ಜೋಳ ಹರವಿದಂತೆ.

ಈಗ ಒಂದಕ್ಕಿಂತ ಹೆಚ್ಚು ಕಂಪ್ಯೂಟರ್ ಇರುವ ಅಂಗಡಿ. ತೂಕದ ಕಡೆ ಒಬ್ಬರು, ಕ್ಯಾಶ್ ಕಡೆ ಒಬ್ಬರು, ಪಟ್ಟಿ ಬರೆಯುವವರು ಒಬ್ಬರು, ಡೇಟಾ ಸರ್ವರಿನ ಫೋಲ್ಡರಿನಲ್ಲಿ. ಇಲ್ಲಿ ‘ಡಾಸ್’ ಭಾಗದ ‘ಶೇರ್’ ಆನ್ ಇರಬೇಕು, ‘ಫೈಲ್ ಆಕ್ಸೆಸ್ ಟ್ರೈಸ್’ ಎಂಬ ಸಾಲಿಗೆ 3 ಕೊಡಬೇಕು. ಡಿಬೇಸ್, ಫಾಕ್ಸ್‌ಪ್ರೊ ಥರದ ನೆಟ್‌ವರ್ಕ್ ಪ್ರೋಗ್ರಾಮುಗಳಿಗಾಗಿಯೇ ಇಟ್ಟ ಸೆಟ್ಟಿಂಗ್ ಇದು. ಕೊಡದಿದ್ದರೆ ಒಬ್ಬರು ದಾಖಲೆ ಹಿಡಿದಾಗ ಇನ್ನೊಬ್ಬರಿಗೆ ಕಾಯುವ ಬದಲು ಎರರ್ ಬರುತ್ತದೆ. ಎಲ್ಲ ಯಂತ್ರದಲ್ಲೂ ಒಂದೇ ಆವೃತ್ತಿ, ಒಂದೇ ಕಾನ್ಫಿಗ್ ಫೈಲು ಇರಲಿ.

ಇದರಾಚೆಗೆ ತಪ್ಪು ಡಾಸ್‌ಬಾಕ್ಸ್-ಎಕ್ಸ್‌ನದಲ್ಲ, ವಿಂಡೋಸ್‌ನದು. ವೇಗಕ್ಕಾಗಿ ಹೊಸ ವಿಂಡೋಸ್ ಸರ್ವರಿನ ಫೈಲಿನ ವಿವರವನ್ನು ತನ್ನ ಬಳಿ ಕೆಲವು ಸೆಕೆಂಡ್ ಇಟ್ಟುಕೊಳ್ಳುತ್ತದೆ. ಪಕ್ಕದ ಯಂತ್ರದಲ್ಲಿ ಸೇರಿಸಿದ ಲಾಟು ಇಲ್ಲಿ ಕಾಣದೆ, ಇಲ್ಲಿಂದ ಅದೇ ಜಾಗಕ್ಕೆ ಇನ್ನೊಂದನ್ನು ಬರೆದು ಇಂಡೆಕ್ಸ್ ಕೆಡುತ್ತದೆ. ಪ್ರತಿ ಯಂತ್ರದ ರಿಜಿಸ್ಟ್ರಿಯಲ್ಲಿ ಲ್ಯಾನ್‌ಮ್ಯಾನ್ ವರ್ಕ್‌ಸ್ಟೇಷನ್‌ನ ಪ್ಯಾರಾಮೀಟರ್ಸ್ ಕೆಳಗೆ ‘ಫೈಲ್ಇನ್ಫೋಕ್ಯಾಶ್‌ಲೈಫ್‌ಟೈಮ್’, ‘ಫೈಲ್‌ನಾಟ್‌ಫೌಂಡ್‌ಕ್ಯಾಶ್‌ಲೈಫ್‌ಟೈಮ್’, ‘ಡೈರೆಕ್ಟರಿಕ್ಯಾಶ್‌ಲೈಫ್‌ಟೈಮ್’ ಮೂರಕ್ಕೂ ಸೊನ್ನೆ ಕೊಡಿ. ಸರ್ವರಿನಲ್ಲಿ ಪವರ್‌ಶೆಲ್‌ನಿಂದ ಎಸ್‌ಎಂಬಿ (ವಿಂಡೋಸ್ ಫೈಲು ಹಂಚುವ ಪ್ರೋಟೋಕಾಲ್) ಲೀಸಿಂಗ್ ಆಫ್ ಮಾಡಿ. ಎಸ್‌ಎಂಬಿ 1ನ್ನು ಮತ್ತೆ ಆನ್ ಮಾಡಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಭದ್ರತೆಯಲ್ಲಿ ತೂತು ಬಿದ್ದ ಹಳೇ ಪ್ರೋಟೋಕಾಲ್ ಅದು, ಬೇಡ. ವೈಫೈ ಮೇಲೆ ಡಿಬಿಎಫ್ ಹಂಚುವುದೂ ಬೇಡ. ಕೇಬಲ್ ಎಳೆಸಿ.

ಪ್ರಿಂಟಿನ ಸೆಟ್ಟಿಂಗ್ ಹಿಡಿಯುವಷ್ಟು ಹೊತ್ತು ಬೇರೆ ಯಾವುದೂ ಹಿಡಿಯುವುದಿಲ್ಲ. ರೈತನ ಕೈಗೆ ಹೋಗುವುದು ಪಟ್ಟಿ. ಅದರಲ್ಲಿ ಚೀಲ, ತೂಕ, ದರ, ಹಮಾಲಿ ಒಂದು ಗೆರೆ ಆಚೀಚೆ ಆದರೂ ಅನುಮಾನ. ಪ್ರೋಗ್ರಾಂ ಎಲ್‌ಪಿಟಿ1 ಎಂಬ ಹಳೇ ಪ್ರಿಂಟರ್ ಪೋರ್ಟಿಗೆ ಬರೆಯುತ್ತದೆ, ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇರುವುದಿಲ್ಲ. ಎಪ್ಸನ್ ಎಲ್‌ಎಕ್ಸ್-310 ಥರದ 80 ಕಾಲಮಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಯುಎಸ್‌ಬಿಗೆ ಹಾಕಿ, ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಡ್ರೈವರ್ ಕೊಟ್ಟು, ಪ್ರಿಂಟರನ್ನು ಶೇರ್ ಮಾಡಿ, ‘ನೆಟ್ ಯೂಸ್’ ಆಜ್ಞೆಯಿಂದ ಎಲ್‌ಪಿಟಿ1 ಎಂಬ ಹೆಸರನ್ನು ಆ ಶೇರ್‌ಗೆ ಕಟ್ಟಬೇಕು. ಡಾಸ್‌ಬಾಕ್ಸ್-ಎಕ್ಸ್‌ನ ‘ಪ್ಯಾರಲಲ್1’ ಸಾಲಿನಲ್ಲಿ ‘ಫೈಲ್’ ಎಂದು ಕೊಟ್ಟು ಸಾಧನವಾಗಿ ಎಲ್‌ಪಿಟಿ1 ತೋರಿಸಬೇಕು. ಕಂಪನಿಯ ಬಣ್ಣಬಣ್ಣದ ವಿಂಡೋಸ್ ಡ್ರೈವರ್ ಹಾಕಿದರೆ ಪ್ರೋಗ್ರಾಂ ಕಳಿಸುವ ಸಂಕೇತಗಳು ಪ್ರಿಂಟರಿಗೆ ಹಾಗೇ ತಲುಪದೆ ಹೋಗಬಹುದು. 15 ಎಂಬ ಸಂಕೇತ ಕಿರಿದಕ್ಷರಕ್ಕೆ, 18 ಮತ್ತೆ ಮಾಮೂಲಿಗೆ, 12 ಮುಂದಿನ ಹಾಳೆಗೆ. ಕಿರಿದಕ್ಷರ ಆಗದಿದ್ದರೆ 132 ಕಾಲಮಿನ ಖಾತೆ 80ಕ್ಕೇ ಮುರಿದು ಕೆಳಗಿನ ಸಾಲಿಗೆ ಇಳಿಯುತ್ತದೆ.

ಅದೇ ಸಾಲಿನ ‘ಟೈಮ್‌ಔಟ್’ ಮಿಲಿಸೆಕೆಂಡಿನ ಲೆಕ್ಕ. ಪ್ರೋಗ್ರಾಂ ಅಷ್ಟು ಹೊತ್ತು ಸುಮ್ಮನಿದ್ದರೆ ಪ್ರಿಂಟ್ ಮುಗಿಯಿತೆಂದು ಕಳಿಸಿಬಿಡುತ್ತದೆ. ದೊಡ್ಡ ಖಾತೆ ಹುಡುಕುತ್ತಾ ನಡುವೆ ನಿಂತರೆ ಒಂದೇ ರಿಪೋರ್ಟು ಎರಡು ತುಂಡಾಗುತ್ತದೆ. 2000 ಅಥವಾ 3000 ಇಡಿ. ಇನ್ನೊಂದು ಮಾಮೂಲಿ ಗೋಳು: ಮೊದಲ ಪಟ್ಟಿ ಸರಿ, ಎರಡನೆಯದು ಆರು ಗೆರೆ ಮೇಲೆ, ಮೂರನೆಯದು ಹನ್ನೆರಡು ಗೆರೆ ಮೇಲೆ. 10×12 ಇಂಚಿನ ಸರಣಿ ಕಾಗದದಲ್ಲಿ ಇಂಚಿಗೆ 6ರಂತೆ 72 ಗೆರೆ. ಪ್ರಿಂಟರ್ 11 ಇಂಚು, ಅಂದರೆ 66 ಗೆರೆ ಎಂದುಕೊಂಡಿದೆ. ಎಸ್ಕೇಪ್, ದೊಡ್ಡ ಸಿ, ಆಮೇಲೆ 72 ಎಂಬ ಸಂಕೇತವನ್ನು ಪ್ರಿಂಟಿನ ಶುರುವಿಗೆ ಒಮ್ಮೆ ಕಳಿಸಿದರೆ ನಿಲ್ಲುತ್ತದೆ. 6 ಇಂಚಿನ ಅರ್ಧ ಹಾಳೆಗೆ 36.

ಇಷ್ಟಾದರೆ ಅಂಗಡಿ ನಡೆಯುತ್ತದೆ. ಇನ್ನು ಡಾಸ್‌ಬಾಕ್ಸ್-ಎಕ್ಸ್ ಕೈಲಾಗದ ಕೆಲಸಗಳು. ಅದು ಪ್ರೋಗ್ರಾಮನ್ನು ಬದುಕಿಸುತ್ತದೆಯೇ ಹೊರತು ಅದಕ್ಕೆ ಹೊಸ ಕಾನೂನು ಕಲಿಸುವುದಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಹಳೇ ಪಾರ್ಟಿ ಟೇಬಲಿನಲ್ಲಿ ಟಿನ್ (ಹಳೇ ವ್ಯಾಟ್ ನೋಂದಣಿ ನಂಬರು) ಕಾಲಂ 11 ಅಕ್ಷರದ್ದು, ಜಿಎಸ್‌ಟಿ ನಂಬರು 15 ಅಕ್ಷರದ್ದು. ಕಾಲಂ ಹಿಗ್ಗಿಸಲು, ನಡುವೆ ಹೊಸದು ತುರುಕಲು ಹೋಗಬೇಡಿ. ‘ಸ್ಕ್ಯಾಟರ್ ಟು’ ಎಂದು ದಾಖಲೆಯನ್ನು ಸಾಲಾಗಿ ಎತ್ತಿಕೊಳ್ಳುವ ಕೋಡ್ ಕಾಲಂಗಳನ್ನು ಹೆಸರಿನಿಂದಲ್ಲ, ಸ್ಥಾನದಿಂದ ಗುರುತಿಸುತ್ತದೆ. ಏಳನೆಯದರ ಜಾಗಕ್ಕೆ ಬೇರೆ ಬಂದರೆ ಫೋನ್ ನಂಬರು ಬಾಕಿ ಮೊತ್ತದ ಕಡೆ ಹೋಗಿ ಕೂರುತ್ತದೆ. ಪಾರ್ಟಿ ಕೋಡ್ ಮತ್ತು ಜಿಎಸ್‌ಟಿ ನಂಬರು ಎರಡೇ ಕಾಲಮಿನ ಪ್ರತ್ಯೇಕ ಟೇಬಲ್ ಮಾಡಿ. ನಂಬರಿನ ಮೊದಲ ಎರಡಂಕಿ ರಾಜ್ಯ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಪ್ಯಾನ್ ಬೇರೆ ಕಡೆ ಇದ್ದರೆ ತಾಳೆ ನೋಡಲು ಇಷ್ಟೇ ಸಾಕು. ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್. ಅದರ ಕ್ಯೂಆರ್ ಚೌಕವನ್ನು ಡಾಸ್ ಪ್ರೋಗ್ರಾಮಿನ ಅಕ್ಷರದ ಪ್ರಿಂಟಿನಲ್ಲಿ ತರಲಾಗದು. ಆ ಬಿಲ್ಲುಗಳನ್ನು ಹೊಸ ತಂತ್ರಾಂಶದಲ್ಲೇ ಹಾಕಬೇಕು, ಬದಲಾವಣೆ ಶುರುವಾಗಬೇಕಾದ ಜಾಗವೂ ಅದೇ.

ಹೊಸ ತಂತ್ರಾಂಶ ಯಾವುದೇ ಇರಲಿ, ಡೇಟಾ ಹೊರತೆಗೆಯುವ ಕೆಲಸ ಒಂದೇ. ಪೈಥಾನ್‌ನ ಡಿಬಿಎಫ್‌ರೀಡ್ ಲೈಬ್ರರಿ ಹಳೇ ಟೇಬಲನ್ನು ಓದುತ್ತದೆ, ಮೂಲಕ್ಕೆ ಕೈ ಹಾಕುವುದಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್ ಕೂಡ ತೆರೆಯುತ್ತದೆ. ನೋಡಿ, ಆದರೆ ಅಲ್ಲಿಂದ ಸೇವ್ ಮಾಡಬೇಡಿ, ಕಾಲಮಿನ ಅಗಲ ಬದಲಾಗಿ ಹಳೇ ಪ್ರೋಗ್ರಾಂ ಅದನ್ನು ಒಪ್ಪದೆ ಹೋಗಬಹುದು. ಅಳಿಸಿದ ದಾಖಲೆಗಳನ್ನು ಮರೆಯಬೇಡಿ. ಡಿಬಿಎಫ್‌ನಲ್ಲಿ ಅಳಿಸುವುದೆಂದರೆ ದಾಖಲೆಯ ಮೊದಲ ಬೈಟಿಗೆ ನಕ್ಷತ್ರದ ಗುರುತು ಹಾಕುವುದಷ್ಟೇ, ‘ಪ್ಯಾಕ್’ ಕೊಡುವ ತನಕ ಅದು ಅಲ್ಲೇ ಇರುತ್ತದೆ. ಇದನ್ನು ಲೆಕ್ಕಿಸದೆ ಎಲ್ಲವನ್ನೂ ಎತ್ತಿದರೆ ರದ್ದಾದ ಪಟ್ಟಿಗಳೆಲ್ಲ ಎದ್ದುಬಂದು ಬಾಕಿ ಏರುತ್ತದೆ. ಅವನ್ನು ಬೇರೆ ಟೇಬಲಿಗೆ ತೆಗೆದಿಡಿ, ಬಿಸಾಡಬೇಡಿ. ಯಾವ ನಂಬರು ಏಕೆ ಇಲ್ಲ ಎಂದು ಆಡಿಟರ್ ಕೇಳಿದಾಗ ಅದೇ ಉತ್ತರ.

ನಮ್ಮ ಭಾಗದ ಪಾರ್ಟಿ ಟೇಬಲಿಗೆ ಇನ್ನೊಂದು ವಿಶೇಷ ತೊಡಕಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕಿಂತ ಹಿಂದಿನ ದಾಖಲೆಯಲ್ಲಿ ಹರಿಹರ, ಜಗಳೂರಿನ ಪಾರ್ಟಿಗಳ ಜಿಲ್ಲೆ ಚಿತ್ರದುರ್ಗ, ಹೊನ್ನಾಳಿ, ಚನ್ನಗಿರಿಯವರದು ಶಿವಮೊಗ್ಗ. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂದು, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಒಬ್ಬನೇ ಖರೀದಿದಾರ ಮೂರು ಜಿಲ್ಲೆಯ ಹೆಸರಲ್ಲಿ ಮೂರು ಪಾರ್ಟಿಯಾಗಿ ಕೂತಿರಬಹುದು. ಸಾಲದ್ದಕ್ಕೆ ಇಂಗ್ಲಿಷ್‌ನಲ್ಲಿ ದಾವಣಗೆರೆಯನ್ನು ‘ದಾವಣ್‌ಗೆರೆ’ ಎಂದು ಓದುವಂತೆ ಒಂದು ಅಕ್ಷರ ಬಿಟ್ಟು ಬರೆಯುವ ರೂಢಿ ಬೇರೆ. ಊರು-ಜಿಲ್ಲೆ ನೋಡಿ ಪಾರ್ಟಿಗಳನ್ನು ತಾನಾಗಿ ಕೂಡಿಸುವ ಯಾವ ಸಾಧನವನ್ನೂ ಇಲ್ಲಿ ನಂಬಬೇಡಿ. ಹಳೇ ಪಾರ್ಟಿ ಕೋಡನ್ನು ಹೊಸದರಲ್ಲೂ ಹಾಗೇ ಉಳಿಸಿಕೊಂಡು, ಪಾರ್ಟಿಗಳ ಯಾದಿ ಮಾಡಿ, ಅಂಗಡಿಯ ಹಿರಿಯ ಗುಮಾಸ್ತರ ಕಣ್ಣು ಹಾಯಿಸಿಯೇ ಕೂಡಿಸಬೇಕು.

ಹೆಸರುಗಳು ನುಡಿಯಂಥ ಹಳೇ ಕನ್ನಡ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ ತರುವ ಕೆಲಸ ಬೇರೆಯೇ ಇದೆ. ಆ ಫಾಂಟುಗಳು ಉಳಿಸುವುದು ಅಕ್ಷರವನ್ನಲ್ಲ, ಅಕ್ಷರದ ಆಕಾರದ ತುಂಡುಗಳನ್ನು. ‘ಸೂರ್ಯ’ ಪದದಲ್ಲಿ ಅರ್ಕಾವತ್ತು ಕಣ್ಣಿಗೆ ಯಕಾರದ ನಂತರ ಕಾಣುತ್ತದೆ, ಹಳೇ ಡೇಟಾದಲ್ಲೂ ನಂತರವೇ ಇರುತ್ತದೆ. ಯೂನಿಕೋಡ್‌ನಲ್ಲಿ ರಕಾರ, ವಿರಾಮ ಮೊದಲು, ಆಮೇಲೆ ಯಕಾರ. ‘ಕೀ’ ಎಂಬುದು ‘ಕಿ’ ಮತ್ತು ದೀರ್ಘದ ಬಾಲವಾಗಿ ಎರಡು ತುಂಡು, ಅವನ್ನು ಒಂದೇ ಸ್ವರಚಿಹ್ನೆ ಮಾಡಬೇಕು. ಒಂದೊಂದು ಸಂಕೇತವನ್ನು ನೇರ ಬದಲಿಸುತ್ತಾ ಹೋದರೆ ‘ಕರ್ನಾಟಕ’ ಕೆಟ್ಟು ಹೋಗುತ್ತದೆ. ಪರಿವರ್ತನೆ ಆದಮೇಲೆ ಅರ್ಕಾವತ್ತು, ದೀರ್ಘ, ಒತ್ತಕ್ಷರ ಇರುವ ಹೆಸರುಗಳನ್ನೆಲ್ಲ ಹೆಕ್ಕಿ ಕಣ್ಣಿಂದ ಓದಿ. ಕನ್ನಡದ ಹೆಸರು ಪಟ್ಟಿಯಲ್ಲಿ ಸರಿಯಾಗಿ ಬಂದರೆ ರೈತನಿಗೆ ಅದರ ಬೆಲೆ ಗೊತ್ತು, ಈ ಶ್ರಮ ದಂಡವಲ್ಲ.

ಮೊತ್ತದ ಕಾಲಮುಗಳನ್ನು ಹೊಸ ಡೇಟಾಬೇಸಿನಲ್ಲಿ ದಶಮಾಂಶದ ‘ನ್ಯೂಮರಿಕ್’ ಬಗೆಯಲ್ಲೇ ಇಡಿ, ‘ಫ್ಲೋಟ್’ ಬೇಡ. ರೌಂಡಿಂಗ್ ಕೂಡ ನೋಡಿ. 45.50 ಕ್ವಿಂಟಾಲ್ ಮೆಕ್ಕೆಜೋಳ 2,135 ರೂಪಾಯಿಯಂತೆ 97,142.50. ಫಾಕ್ಸ್‌ಪ್ರೊ ಇದನ್ನು 97,143 ಮಾಡುತ್ತದೆ. ಪೈಥಾನ್‌ನ ‘ರೌಂಡ್’ ಹತ್ತಿರದ ಸರಿಸಂಖ್ಯೆಗೆ ಹೋಗಿ 97,142 ಎನ್ನುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ನ್ಯೂಮರಿಕ್ ಇದ್ದರೆ 97,143. ಒಂದು ರೂಪಾಯಿ ದೊಡ್ಡದಲ್ಲ, ಆದರೆ ಹಳೇ ಖಾತೆ ಹೊಸ ಖಾತೆ ತಾಳೆಯಾಗದೆ ಮೂರು ದಿನ ಹುಡುಕಾಡಿಸುವುದು ಇದೇ ರೂಪಾಯಿ. ರೌಂಡಿಂಗ್ ಪ್ರತಿ ಲಾಟಿಗೆ ಆಗುತ್ತಿತ್ತೋ, ಇಡೀ ಪಟ್ಟಿಗೆ ಒಮ್ಮೆಯೋ, ಹಮಾಲಿ ಕಳೆಯುವ ಮುಂಚೆಯೋ ನಂತರವೋ, ಇದನ್ನೆಲ್ಲ ಮೂಲ ಕೋಡಿನಿಂದ ಬರೆದಿಟ್ಟುಕೊಳ್ಳಬೇಕು. ಕೋಡ್ ಬರೆದವರಿಂದ ಮೂಲ ಕೋಡಿನ ಪಿಆರ್‌ಜಿ ಫೈಲುಗಳು ಸಿಗದಿದ್ದರೆ, ಫಾಕ್ಸ್‌ಪ್ರೊ ಕಂಪೈಲ್ ಆದ ಫೈಲಿನಿಂದ ಕೋಡ್ ವಾಪಸ್ ತೆಗೆಯುವ ರೀಫಾಕ್ಸ್‌ನಂಥ ಸಾಧನ ಇದೆ. ಅಂಗಡಿ ದುಡ್ಡು ಕೊಟ್ಟು ಬರೆಸಿಕೊಂಡ ಪ್ರೋಗ್ರಾಮಿಗೆ ಮಾತ್ರ ಬಳಸಿ.

ಕ್ಲಿಪ್ಪರ್ ಪ್ರೋಗ್ರಾಮಿದ್ದು ಮೂಲ ಕೋಡ್ ಕೈಲಿದ್ದರೆ ನೀವು ಅದೃಷ್ಟವಂತರು. ಹಾರ್ಬರ್ ಎಂಬ ಉಚಿತ ಕಂಪೈಲರ್ ಅದೇ ಕೋಡನ್ನು ವಿಂಡೋಸ್ 64-ಬಿಟ್‌ಗೆ ಕಟ್ಟಿಕೊಡುತ್ತದೆ, ಎನ್‌ಟಿಎಕ್ಸ್, ಸಿಡಿಎಕ್ಸ್ ಎರಡೂ ಇಂಡೆಕ್ಸ್ ಓದುತ್ತದೆ. ಡಾಸ್‌ಬಾಕ್ಸ್-ಎಕ್ಸ್ ಬೇಡವೇ ಆಗುತ್ತದೆ. ತಡೆಯಾಗುವುದು ಸಾಮಾನ್ಯವಾಗಿ ಹೊರಗಿನಿಂದ ತಂದು ಸೇರಿಸಿದ ಅಸೆಂಬ್ಲಿ ಲೈಬ್ರರಿಗಳು. ಎರಡಂಕಿಯ ವರ್ಷ ಬಳಸುತ್ತಿದ್ದರೆ ‘ಸೆಟ್ ಎಪಾಕ್’ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ 25 ಎಂದು ಹೊಡೆದದ್ದು 1925 ಆಗುತ್ತದೆ. ಫಾಕ್ಸ್‌ಪ್ರೊ ಕೋಡ್ ಮಾತ್ರ ಹಾರ್ಬರ್‌ನಲ್ಲಿ ಹಾಗೇ ಏರುವುದಿಲ್ಲ, ಕಿಟಕಿ, ಬ್ರೌಸ್, ಒಳಗೇ ಬರೆದ ಸೆಲೆಕ್ಟ್ ಆಜ್ಞೆಗಳಿಗೆ ಕೈಕೆಲಸ ಬೇಕು. ವಿಷುಯಲ್ ಫಾಕ್ಸ್‌ಪ್ರೊಗೆ ಏರಿಸುವ ಸಲಹೆ ಯಾರಾದರೂ ಕೊಟ್ಟರೆ ಬೇಡವೆನ್ನಿ. ಅದರ ಕೊನೆಯ ಆವೃತ್ತಿ 9, ಮೈಕ್ರೋಸಾಫ್ಟ್ ಬೆಂಬಲ 2015ರ ಜನವರಿಯಲ್ಲೇ ನಿಂತಿದೆ, ಒಂದು ಟೇಬಲಿಗೆ 2 ಜಿಬಿಯ ಮಿತಿಯೂ ಹಾಗೇ ಇದೆ.

ಹೊಸದು ಸಿದ್ಧವಾದ ಮೇಲೆ ಎರಡನ್ನೂ ಜೊತೆಗೆ ನಡೆಸಿ. ಸುಗ್ಗಿಯ ಆವಕ ಜೋರಿರುವ ಒಂದು ತಿಂಗಳು, ಮತ್ತೆ ಮಾರ್ಚ್ 31ರ ಮುಕ್ತಾಯ, ಇವೆರಡೂ ಆ ಅವಧಿಯಲ್ಲಿ ಬರಲೇಬೇಕು. ಆವಕವಿಲ್ಲದ ತಿಂಗಳಲ್ಲಿ ಪರೀಕ್ಷಿಸಿದ ತಂತ್ರಾಂಶ ದಿನಕ್ಕೆ ನೂರಾರು ಲಾಟು ಬಂದಾಗ ಎಲ್ಲಿ ಎಡವುತ್ತದೆಂದು ಗೊತ್ತಾಗುವುದಿಲ್ಲ. ಪ್ರತಿ ಸಂಜೆ ಮೂರು ಅಂಕಿ ತಾಳೆ ನೋಡಿ: ಒಟ್ಟು ಚೀಲ, ಒಟ್ಟು ತೂಕ, ಕೈಯಲ್ಲಿರುವ ನಗದು. ವಾರಕ್ಕೊಮ್ಮೆ ಪಾರ್ಟಿವಾರು ಬಾಕಿ. ಗುಮಾಸ್ತರಿಗೆ ಎರಡೆರಡು ಸಲ ಹೊಡೆಯುವ ದುಡಿಮೆ ಇದು, ಅದಕ್ಕೆ ತಕ್ಕ ಸಂಬಳ ಕೊಡಿ ಅಥವಾ ಇನ್ನೊಂದು ಕೈ ಸೇರಿಸಿ. ಇಲ್ಲದಿದ್ದರೆ ಹತ್ತನೇ ದಿನಕ್ಕೆ ಎರಡರಲ್ಲೊಂದು ನಿಂತಿರುತ್ತದೆ.

ಬದಲಾವಣೆ ಮುಗಿದ ದಿನವೂ ಡಾಸ್‌ಬಾಕ್ಸ್-ಎಕ್ಸ್ ಅಳಿಸಬೇಡಿ. ಜಿಎಸ್‌ಟಿ ಲೆಕ್ಕಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಹಳೇ ಫೋಲ್ಡರಿನ ಒಂದು ಪ್ರತಿಯನ್ನು ‘ರೀಡ್ ಓನ್ಲಿ’ ಮಾಡಿ ತೆಗೆದಿಡಿ, ನೋಡಲು ಇನ್ನೊಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಇಡಿ. ನೋಡುವ ಪ್ರತಿ ಪೂರ್ತಿ ಓದಲು ಮಾತ್ರ ಇದ್ದರೆ ಫಾಕ್ಸ್‌ಪ್ರೊ ತಾತ್ಕಾಲಿಕ ಫೈಲು ಬರೆಯಲಾಗದೆ ನಿಲ್ಲಬಹುದು, ಅದಕ್ಕೇ ಎರಡು. ಡಾಸ್‌ಬಾಕ್ಸ್-ಎಕ್ಸ್ ಆವೃತ್ತಿ, ಕಾನ್ಫಿಗ್ ಫೈಲು, ಪ್ರಿಂಟರ್ ಸಂಕೇತಗಳ ಚೀಟಿ, ಇಂಡೆಕ್ಸ್ ಪಟ್ಟಿ, ನಾಲ್ಕನ್ನೂ ಅದರ ಜೊತೆಗೇ ಇಟ್ಟು, ಒಂದು ಪೆನ್‌ಡ್ರೈವ್ ಅಂಗಡಿಯಲ್ಲಿ, ಒಂದು ಮನೆಯಲ್ಲಿ. ವರ್ಷಕ್ಕೊಮ್ಮೆ ಆ ಪೆನ್‌ಡ್ರೈವಿನಿಂದ ಬೇರೆ ಕಂಪ್ಯೂಟರಿನಲ್ಲಿ ತೆರೆದು ಹಳೆಯದೊಂದು ಪಟ್ಟಿ ಪ್ರಿಂಟ್ ತೆಗೆದು ನೋಡಿ.